ಹದಿನಾಲ್ಕನೆಯ ಬಸ್ಕಿ

ಕೇಶವಮೂರ್ತಿಗಳಿಗೆ ಕಂಪ್ಯೂಟರ್ ಬರುತ್ತದೆ ಎಂಬ ಸುದ್ದಿಯನ್ನು ಮುಲುಂಡಿನ ಗಜಾನನ ಸೊಸೈಟಿಯಲ್ಲಿ ಹಬ್ಬಿಸಿದವರು ಬೇರೆ ಯಾರೂ ಅಲ್ಲ, ಕೇಶವಮೂರ್ತಿಗಳೇ. ಅದು ಪೂರ್ತಿ ಸುಳ್ಳೂ ಅಲ್ಲ. ಫೋರ್ಟ್ ಬಡಾವಣೆಯ ಒಂದು ವಿಮಾ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಸವೆದು ಹೆಡ್ ಕ್ಲರ್ಕ್ ಆಗಿದ್ದ ಅವರನ್ನು ಕಂಪನಿಯವರು ಮೂರು ದಿನದ ಕಂಪ್ಯೂಟರ್ ತರಬೇತಿಗೆಂದು ಅಂಧೇರಿಗೆ ಕಳಿಸಿದ್ದು ನಿಜ. ಮೊದಲನೆಯ ದಿನ ಉದ್ಘಾಟನೆ ಆಯಿತು. ಎರಡನೆಯ ದಿನ ಕರೆಂಟು ಹೋಯಿತು. ಮೂರನೆಯ ದಿನ ಊಟ ಮತ್ತು ಗ್ರೂಪ್ ಫೋಟೋ. ಬಟ್ಟೆ ಹೊದಿಸಿದ ಕಂಪ್ಯೂಟರಿನ ತಲೆಯ ಮೇಲೆ ಆಶೀರ್ವಾದ ಮಾಡುವವರಂತೆ ಕೈಯಿಟ್ಟು ನಿಂತಿದ್ದ ಆ ಫೋಟೋಕ್ಕೆ ಕಟ್ಟು ಹಾಕಿಸಿ, ಮನೆಗೆ ಬಂದವರ ಕಣ್ಣಿಗೆ ಮೊದಲು ಬೀಳುವಂಥ ಗೋಡೆಗೆ ಮೂರ್ತಿಗಳು ತೂಗುಹಾಕಿದ್ದರು.

ತೊಂಬತ್ತೊಂದನೆಯ ಇಸವಿಯ ಮಳೆಗಾಲದಲ್ಲಿ ಆ ಫೋಟೋ ತನ್ನ ಕೆಲಸ ಮಾಡಿತು. ಅವರ ಹೆಂಡತಿ ಪುಟ್ಟಲಕ್ಷ್ಮಿಯ ತಮ್ಮ ಸತ್ಯಮೂರ್ತಿ ಭಾಂಡುಪ್‌ನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಅವನನ್ನು ಆರು ತಿಂಗಳ ಮಟ್ಟಿಗೆ ಬರೋಡಕ್ಕೆ ಕಳಿಸಿದರು. ಬೀಗ ಹಾಕಿದ ಮನೆಯ ಥಂಡಿಗೆ ತನ್ನ ಸ್ವಂತ ಕಂಪ್ಯೂಟರ್ ಹಾಳಾದೀತೆಂದು ಅವನು ಅದನ್ನು ಟ್ಯಾಕ್ಸಿಯಲ್ಲಿ ಹೇರಿಕೊಂಡು ಬಂದು ಭಾವನ ಹಾಲಿನಲ್ಲಿ ಇಳಿಸಿದ.

"ನಿಮಗೆ ಇದೆಲ್ಲ ಗೊತ್ತೇ ಇದೆಯಲ್ಲ ಭಾವ. ವಾರಕ್ಕೆರಡು ಸಲ ಆನ್ ಮಾಡ್ತಿರಿ ಸಾಕು. ಇದು ಮೋಡೆಮ್. ಫೋನಿನ ವೈರ್ ಇದಕ್ಕೆ ಸಿಕ್ಕಿಸಿ ಈ ನಂಬರ್ ಕೊಟ್ರೆ ಬೋರ್ಡ್ ಸಿಗುತ್ತೆ. ಒಳ್ಳೇ ಜನ ಇದಾರೆ, ಪರದೆ ಮೇಲೇ ಒಬ್ಬರಿಗೊಬ್ಬರು ಬರೀತಾರೆ, ಟೈಮ್‌ಪಾಸ್ ಆಗುತ್ತೆ."

"ಗೊತ್ತು, ಗೊತ್ತು," ಎಂದರು ಮೂರ್ತಿಗಳು. ಬೋರ್ಡ್ ಎಂದರೆ ಅವರಿಗೆ ತಿಳಿದಿದ್ದುದು ಎರಡೇ: ಒಂದು ಕಚೇರಿಯ ನೋಟೀಸ್ ಬೋರ್ಡ್, ಇನ್ನೊಂದು ಕರೆಂಟಿನವರ ಬೋರ್ಡ್.

ಭಾನುವಾರ ಸಂಜೆ ಕಂಪ್ಯೂಟರ್ ನೋಡಲು ನೆರೆಹೊರೆಯವರು ಬಂದರು. ಕೆಳಗಿನ ಮನೆಯ ಗದಿಗೆಪ್ಪನವರು ಬಂದರು. ಬಸ್ ಡಿಪೋದಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದ ಇವರು ಸೊಸೈಟಿಯ ಸೆಕ್ರೆಟರಿ, ಮೂಲ ಗದಗಿನ ಕಡೆಯವರು. ಎದುರುಮನೆಯ ಸೇವಂತಿ ಬಂದಳು. ಉಡುಪಿಯ ಕಡೆಯ ಈಕೆಗೆ ತಿಳಿದ ಸುದ್ದಿ ನಾಲ್ಕು ಮಹಡಿಗೂ ತಿಳಿದಂತೆ. ಮೂರ್ತಿಗಳು ಸತ್ಯಮೂರ್ತಿ ಬರೆದುಕೊಟ್ಟ ಚೀಟಿ ನೋಡಿಕೊಂಡು ಒಂದೊಂದೇ ಗುಂಡಿ ಒತ್ತಿದರು. ಮೋಡೆಮ್ ಗಂಟಲಿಗೆ ಮುಳ್ಳು ಸಿಕ್ಕಿಕೊಂಡ ಬೆಕ್ಕಿನಂತೆ ಕಿರುಚಿತು. ಮೂರ್ತಿಗಳು ಎರಡು ಹೆಜ್ಜೆ ಹಿಂದೆ ಹಾರಿ, "ಇದು ಹೀಗೇ," ಎಂದರು.

ಕಪ್ಪು ಪರದೆಯ ಮೇಲೆ ಹಸಿರು ದಪ್ಪಕ್ಷರಗಳು ಮೂಡಿದವು. ಎಲ್ಲವೂ ಇಂಗ್ಲಿಷ್. ರಣಧೀರ ಪಲ್ಟಣಕ್ಕೆ ಸ್ವಾಗತ. ಹೆಸರು? ಮೂರ್ತಿಗಳು ಹೆಸರು ಹೊಡೆದರು. ವಯಸ್ಸು? ಐವತ್ತೊಂದು. ಪಲ್ಟಣಕ್ಕೆ ಸೇರುವಿರಾ? ಹೌದಾದರೆ ವೈ, ಇಲ್ಲವಾದರೆ ಎನ್.

ಮೊದಲ ಭೇಟಿಯಲ್ಲೇ ಇಲ್ಲ ಎನ್ನುವುದು ಅವಿನಯ ಎಂದು ಮೂರ್ತಿಗಳು ವೈ ಒತ್ತಿದರು. "ಸಿಪಾಯಿ ಕೇಶವಮೂರ್ತಿ, ನೀನಿನ್ನು ಪಲ್ಟಣದ ಸ್ವತ್ತು. ಸಹಿ, ಸುಬೇದಾರ್" ಎಂದು ಪರದೆ ಹೇಳಿತು.

ಗದಿಗೆಪ್ಪ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. "ಏನ್ರೀ ಮೂರ್ತಿಯವರ, ಮಿಲಿಟ್ರಿ ಸೇರಿದ್ರೇನು?"

"ಹಾಗೇನೂ ಇಲ್ಲ... ಅಂದ್ರೆ... ಫಾರ್ಮ್ಯಾಲಿಟಿ," ಎಂದರು ಮೂರ್ತಿಗಳು. ಗೊತ್ತಿಲ್ಲ ಎಂಬ ಮೂರಕ್ಷರ ಆ ಹೊತ್ತಿಗೆ ಬಾಯಿಂದ ಹೊರಬಿದ್ದಿದ್ದರೆ ಮುಂದಿನದೊಂದೂ ನಡೆಯುತ್ತಿರಲಿಲ್ಲ. ಗೋಡೆಯ ಮೇಲೆ ಆ ಫೋಟೋ ಇದ್ದುದರಿಂದ ಅದು ಬೀಳಲಿಲ್ಲ.

ಮೂರು ದಿನ ಬಿಟ್ಟು ಕಂಪ್ಯೂಟರ್ ಹಚ್ಚಿದಾಗ ಅವರ ಹೆಸರಿಗೆ ಒಂದು ಪತ್ರ ಕಾದಿತ್ತು. "ಸಿಪಾಯಿ! ಮೂರು ದಿನ ಹಾಜರಿ ಇಲ್ಲ. ಶಿಕ್ಷೆ: ಇಪ್ಪತ್ತು ಬಸ್ಕಿ. ಮುಗಿಸಿ ವರದಿ ಮಾಡು."

ಮೂರ್ತಿಗಳು ಮೂರು ಸಲ ಓದಿದರು. ಆಮೇಲೆ ಎದ್ದು, ಕಿಟಕಿ ಹಾಕಿ, ಪಂಚೆ ಎತ್ತಿ ಕಟ್ಟಿ ಬಸ್ಕಿಗೆ ನಿಂತರು. ಕಾಫಿ ತಂದ ಪುಟ್ಟಲಕ್ಷ್ಮಿ ಬಾಗಿಲಲ್ಲೇ ನಿಂತಳು.

"ಏನ್ರೀ ಇದು?"

"ಆರ್ಡರ್."

"ಯಾರದು?"

"ಬರೆದಿದ್ದಾರೆ ನೋಡು."

"ಅದೇ, ಯಾರು?"

ಮೂರ್ತಿಗಳು ಅರ್ಧ ಬಗ್ಗಿದಲ್ಲೇ ಯೋಚಿಸಿದರು. ಇಪ್ಪತ್ತೆಂಟು ವರ್ಷದಲ್ಲಿ ಅವರು ಬಂದ ಆರ್ಡರನ್ನು ನಡೆಸಿದ್ದರೇ ಹೊರತು ಅದನ್ನು ಯಾರು, ಯಾಕೆ ಬರೆದರು ಎಂದು ಒಮ್ಮೆಯೂ ಕೇಳಿದವರಲ್ಲ. ಈ ವಯಸ್ಸಿನಲ್ಲಿ ಆ ಚಾಳಿ ಹಚ್ಚಿಕೊಳ್ಳುವುದು ಸರಿಕಾಣಲಿಲ್ಲ. "ಎಣಿಕೆ ತಪ್ಪಿಸಬೇಡ," ಎಂದು ಮತ್ತೆ ಬಗ್ಗಿದರು.

ಮುಗಿದ ಮೇಲೆ ಒಂದೊಂದೇ ಅಕ್ಷರ ಹುಡುಕಿ ವರದಿ ಹೊಡೆದರು. "ಮಾನ್ಯರೇ, ತಮ್ಮ ಆಜ್ಞೆಯ ಪ್ರಕಾರ ಇಪ್ಪತ್ತು ಬಸ್ಕಿಗಳನ್ನು ಇಂದು ಸಂಜೆ ಏಳು ಗಂಟೆ ಐದು ನಿಮಿಷದಿಂದ ಏಳು ಇಪ್ಪತ್ತೆರಡರ ಒಳಗೆ ನೆರವೇರಿಸಲಾಗಿದೆ ಎಂದು ವಿನಯಪೂರ್ವಕ ಅರಿಕೆ. ಹದಿನಾಲ್ಕನೆಯ ಬಸ್ಕಿಯು ಮಂಡಿಯ ಅಸಹಕಾರದಿಂದಾಗಿ ಕೊಂಚ ಕಡಿಮೆ ಆಳದ್ದಾಗಿದ್ದು, ಅದನ್ನು ದಯವಿಟ್ಟು ಮನ್ನಿಸಬೇಕೆಂದು ಪ್ರಾರ್ಥನೆ."

ಮರುದಿನ ಉತ್ತರ ಬಂತು. "ಹದಿನಾಲ್ಕನೆಯದು ತಿರಸ್ಕೃತ. ಇನ್ನೂ ಹತ್ತು ಹೊಡೆ."

ಅಲ್ಲಿಂದ ಶುರುವಾಯಿತು. ವರದಿಯ ಕೊನೆಯಲ್ಲಿ ಸಲಾಂ ಹೇಳಲಿಲ್ಲವೆಂದು ಮೂವತ್ತು ಬಸ್ಕಿ. ಸಲಾಂ ಎರಡು ಸಲ ಹೇಳಿದನೆಂದು ನಲವತ್ತು. "ಶತ್ರು ಕೋಟೆಯ ಗೋಡೆ ಹತ್ತು" ಎಂದು ಸುಬೇದಾರ್ ಬರೆದಾಗ, "ನಮ್ಮ ಕಟ್ಟಡದ ಗೋಡೆಗೆ ಇತ್ತೀಚೆಗೆ ಬಣ್ಣ ಹೊಡೆದಿರುವುದರಿಂದ ಸೆಕ್ರೆಟರಿಯವರ ಅನುಮತಿ ಬೇಕಾಗುತ್ತದೆ" ಎಂದು ಮೂರ್ತಿಗಳು ಉತ್ತರಿಸಿದರು. ಅದಕ್ಕೆ ದಿನಕ್ಕೆ ಐವತ್ತು ಬಸ್ಕಿ, ನಿಂತಲ್ಲೇ ಹತ್ತು ನಿಮಿಷದ ಓಟ. ಪಲ್ಟಣದಲ್ಲಿ ಬೇರೆ ಸಿಪಾಯಿಗಳೂ ಇದ್ದರು. ಅವರಿಗೂ ಶಿಕ್ಷೆಯಾಗುತ್ತಿತ್ತು. "ನೂರು ಹೊಡೆದೆ ಸುಬೇದಾರ್!" ಎಂದು ಅವರು ಎರಡೇ ನಿಮಿಷದಲ್ಲಿ ಉತ್ತರ ಬರೆಯುತ್ತಿದ್ದರು. ಎಂಥ ಗಟ್ಟಿಮುಟ್ಟಾದ ಜನವಪ್ಪಾ ಎಂದು ಮೂರ್ತಿಗಳಿಗೆ ತಮ್ಮ ಬಗ್ಗೆ ನಾಚಿಕೆಯಾಗುತ್ತಿತ್ತು.

ಮುಲುಂಡ್ ಸ್ಟೇಷನ್ನಿನ ಸೇತುವೆಯನ್ನು ಅವರು ಈಗ ಹಿಮ್ಮುಖವಾಗಿ ಇಳಿಯತೊಡಗಿದರು. ಮುಮ್ಮುಖವಾಗಿ ಇಳಿದರೆ ತೊಡೆ ಒಪ್ಪುತ್ತಿರಲಿಲ್ಲ. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕರೂ ಕೂರುತ್ತಿರಲಿಲ್ಲ. ಕೂತರೆ ಏಳಿಸಲು ಇಬ್ಬರು ಬೇಕಾಗುತ್ತಿತ್ತು.

ನಿಂತಲ್ಲೇ ಓಟದ ಎರಡನೆಯ ದಿನ ಕೆಳಗಿನ ಮನೆಯಲ್ಲಿ ಗದಿಗೆಪ್ಪನವರ ರೊಟ್ಟಿಯ ತಾಟಿಗೆ ಛಾವಣಿಯಿಂದ ತಟ್ಟೆಯಗಲದ ಗಾರೆ ಕಳಚಿಬಿತ್ತು. ಅವರು ಅದನ್ನು ತಾಟಿನ ಸಮೇತ ಹಿಡಿದುಕೊಂಡು ಮೇಲೆ ಬಂದರು.

"ಮೂರ್ತಿಯವರ! ಮ್ಯಾಲೆ ಏನು ಕುದರಿ ಕಟ್ಟೀರೇನು? ನೋಡ್ರಿ ಇಲ್ಲೆ, ಪಲ್ಯಾದಾಗ ಸಿಮಿಂಟು!"

ಮೂರ್ತಿಗಳು ಏದುಸಿರು ಬಿಡುತ್ತಿದ್ದರು. ಪರದೆಯತ್ತ ಬೆರಳು ತೋರಿಸಿದರು. ಗದಿಗೆಪ್ಪ ಓದಿದರು. ಓದುತ್ತ ಓದುತ್ತ ಅವರ ಬೆನ್ನು ನೆಟ್ಟಗಾಯಿತು. ಮೂವತ್ತು ವರ್ಷ ಡ್ರೈವರುಗಳನ್ನು ಗದರಿಸಿಯೇ ಬದುಕಿದ ಅವರಿಗೆ ಇಷ್ಟು ಖಡಕ್ ಭಾಷೆ ಕಣ್ಣಿಗೆ ಬಿದ್ದು ಬಹಳ ದಿನವಾಗಿತ್ತು.

"ಹಿಂಗ ಹೇಳಬಾರದೇನ್ರಿ! ಸರಕಾರದ ಹುಕುಂ ಅಂದಮ್ಯಾಗ ನಮ್ಮ ಛತ್ತಿಂದೇನು ದೊಡ್ಡ ಮಾತು," ಎಂದು ತಾಟನ್ನು ಪುಟ್ಟಲಕ್ಷ್ಮಿಯ ಕೈಗಿತ್ತರು. "ಎಷ್ಟಕ್ಕ ನಿಂತಿತ್ತು?"

"ಓಟ ಮುಗೀತು. ಬಸ್ಕಿ ಹನ್ನೊಂದು ಆಗಿತ್ತು."

"ಹಂಗಾರ ಹನ್ನೆರಡು! ಏಳ್ರಿ! ಪೂರಾ ಬಗ್ಗಬೇಕು, ಅರ್ಧಾ ಬಗ್ಗಿದ್ರ ನಾ ಎಣಸಂಗಿಲ್ಲ!"

ಅಂದಿನಿಂದ ಗದಿಗೆಪ್ಪ ದಿನಾ ಸಂಜೆ ಏಳಕ್ಕೆ ಹಾಜರು. ಸೇವಂತಿ ಬಾಗಿಲ ಸಂದಿಯಿಂದ ನೋಡಿ ಹೋಗಿ ಎಲ್ಲರಿಗೂ ಹೇಳಿದಳು: "ನಮ್ಮ ಮೂರ್ತಿಯವರನ್ನು ಮಿಲಿಟ್ರಿಗೆ ತೆಗೊಂಡ್ರಂತೆ ಮಾರಾಯ್ರೆ. ಕಂಪ್ಯೂಟರ್ ಬರ್ತದಲ್ಲ, ಅದಕ್ಕೆ. ಈಗಿನ ಯುದ್ಧ ಎಲ್ಲ ಅದರಲ್ಲೇ ಅಲ್ವಾ?" ಮೂರನೆಯ ದಿನಕ್ಕೆ ಸೊಸೈಟಿಯ ವಾಚ್‌ಮನ್ ಮೂರ್ತಿಗಳನ್ನು ಕಂಡು ಎದ್ದು ಸೆಲ್ಯೂಟ್ ಹೊಡೆದ. ಮೂರ್ತಿಗಳು ಗಾಬರಿಯಿಂದ ತಿರುಗಿ ಹೊಡೆದರು. ತಮ್ಮನ್ನು ಮಿಲಿಟರಿಗೆ ತೆಗೆದುಕೊಂಡಿದ್ದಾರೆಯೇ ಇಲ್ಲವೇ ಎಂಬುದು ಅವರಿಗೆ ಖಚಿತವಾಗಿ ತಿಳಿದಿರಲಿಲ್ಲ. ಆದರೆ ಇಷ್ಟು ಜನಕ್ಕೆ ತಿಳಿದಿರುವಾಗ ತಾವೊಬ್ಬರು ಇಲ್ಲವೆನ್ನುವುದು ಹೇಗೆ?

ಮಂಡಿ ಎರಡೂ ಊದಿಕೊಂಡ ದಿನ ಅವರು ಸುಬೇದಾರರಿಗೆ ಅರ್ಜಿ ಬರೆದರು. ಮುಂದಿನ ಶಿಕ್ಷೆಗಳನ್ನು ದಿನಕ್ಕೆ ಹತ್ತರಂತೆ ಹಂಚಿ ಕೊಡಬೇಕಾಗಿಯೂ, ಗೌರಿಹಬ್ಬದ ದಿನ ಪೂರ್ಣ ವಿನಾಯಿತಿ ಕೊಡಬೇಕಾಗಿಯೂ ಕೋರಿದರು. ಉತ್ತರ ಸಿಡಿಲಿನಂತೆ ಬಂತು.

"ಪಲ್ಟಣದ ಇತಿಹಾಸದಲ್ಲೇ ಇಂಥ ಅರ್ಜಿ ಬಂದಿಲ್ಲ! ಕೋರ್ಟ್ ಮಾರ್ಷಲ್! ಭಾನುವಾರ ಬೆಳಿಗ್ಗೆ ಹನ್ನೊಂದು, ಮಾಟುಂಗದ ರಮಾನಾಥರ ಹೋಟೆಲಿನ ಮೇಲಿನ ಹಾಲ್. ತಪ್ಪು ಸಾಬೀತಾದರೆ ಉತ್ತರದ ಗಡಿಗೆ ರವಾನೆ."

ಸಾಬೀತಾದರೆ ಎಂಬ ಪದವನ್ನು ಗಜಾನನ ಸೊಸೈಟಿಯಲ್ಲಿ ಯಾರೂ ಓದಲಿಲ್ಲ. ಗಡಿ ಎಂಬುದನ್ನು ಮಾತ್ರ ಎಲ್ಲರೂ ಓದಿದರು. ಭಾನುವಾರ ಬೆಳಿಗ್ಗೆ ಕಾಂಪೌಂಡಿನಲ್ಲಿ ನಾಲ್ಕೂ ಮಹಡಿಯವರು ಸೇರಿದರು. ಸೇವಂತಿ ಆರತಿ ಎತ್ತಿದಳು. ಗದಿಗೆಪ್ಪ ಸೊಸೈಟಿಯ ಪರವಾಗಿ ಹಾರ ಹಾಕಿ, "ನಮ್ಮ ಬಿಲ್ಡಿಂಗಿನ ಹುಲಿ" ಎಂದು ಭಾಷಣ ಆರಂಭಿಸಿ, ಅಲ್ಲಿಗೇ ನಿಲ್ಲಿಸಿ ಸೆಲ್ಯೂಟ್ ಹೊಡೆದರು. ಹುಲಿ ಒಂದು ಕೈಯಲ್ಲಿ ಹಾಸಿಗೆ ಸುತ್ತಿದ ಹೋಲ್ಡಾಲ್, ಇನ್ನೊಂದು ಕೈಯಲ್ಲಿ ಮಫ್ಲರ್ ಹಿಡಿದು ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದು ಬಂತು.

ಪುಟ್ಟಲಕ್ಷ್ಮಿ ಚಪಾತಿ, ಚಟ್ನಿಪುಡಿ, ಮಂಡಿಗೆ ಹಚ್ಚುವ ಎಣ್ಣೆ ಕಟ್ಟಿಕೊಂಡು ಜೊತೆಗೇ ಹೊರಟಳು. ದಾಖಲೆಗಾಗಿ ಸಾಕ್ಷಿ ಇರಲಿ ಎಂದು ಗದಿಗೆಪ್ಪನವರೂ ಹೊರಟರು. ಸ್ಲೋ ಲೋಕಲ್ ಭಾಂಡುಪ್ ದಾಟಿತು. ಆಮೇಲೆ ಪುಟ್ಟಲಕ್ಷ್ಮಿ ಮೆಲ್ಲಗೆ ಕೇಳಿದಳು.

"ನಿಮಗೆ ನಿಜವಾಗ್ಲೂ ಕಂಪ್ಯೂಟರ್ ಬರುತ್ತೇನ್ರೀ?"

ಮೂರ್ತಿಗಳು ಕಿಟಕಿಯ ಆಚೆ ನೋಡಿದರು.

"ಇಲ್ಲ ಕಣೆ," ಎಂದರು. "ಆನ್ ಮಾಡೋಕೆ ಬರುತ್ತೆ. ಆಫ್ ಮಾಡೋಕೂ ಸರಿಯಾಗಿ ಬರಲ್ಲ. ವೈರ್ ಕಿತ್ತುಬಿಡ್ತೀನಿ."

ಪುಟ್ಟಲಕ್ಷ್ಮಿ ಕಣ್ಣೊರೆಸಿಕೊಂಡಳು. ಬೈಯಬೇಕೆಂದು ಬಾಯಿ ತೆರೆದವಳು, ಅವರ ಕುತ್ತಿಗೆಯ ಹಾರದಿಂದ ಕಾಲರಿನೊಳಗೆ ಇಳಿಯುತ್ತಿದ್ದ ಒಂದು ಚೆಂಡುಹೂವನ್ನು ತೆಗೆದು ಹಾಕಿದಳು, ಅಷ್ಟೆ.

ಮಾಟುಂಗದ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತಿದ್ದ ರಮಾನಾಥರು ಹಾರ, ಹೋಲ್ಡಾಲ್, ಮಫ್ಲರುಗಳನ್ನು ಒಂದೊಂದಾಗಿ ನೋಡಿದರು. "ಮದುವೆ ಹಾಲ್ ಇಲ್ಲಿ ಇಲ್ಲ ಸ್ವಾಮಿ. ಪಕ್ಕದ ರೋಡಿನಲ್ಲಿ."

"ಕೋರ್ಟ್ ಮಾರ್ಷಲ್," ಎಂದರು ಮೂರ್ತಿಗಳು.

"ಓ, ಮಿಲಿಟ್ರಿಯವರಾ? ಮೇಲೆ ಇದ್ದಾರೆ. ಆಗಲೇ ಹನ್ನೊಂದು ಮಸಾಲೆದೋಸೆ ಹೋಯ್ತು."

ಮೇಲಿನ ಹಾಲಿನಲ್ಲಿ ಹತ್ತು ಹನ್ನೆರಡು ಜನ ಮೇಜು ಜೋಡಿಸಿಕೊಂಡು ದೋಸೆ ತಿನ್ನುತ್ತಿದ್ದರು. ಒಬ್ಬರ ಹೊಟ್ಟೆ ಮೇಜಿಗೆ ತಾಗುತ್ತಿತ್ತು. ಇನ್ನೊಬ್ಬರು ಊರುಗೋಲು ಪಕ್ಕಕ್ಕೆ ಒರಗಿಸಿದ್ದರು. ಎಲ್ಲರ ಅಂಗಿಗೂ ಚಾಕಲೇಟಿನ ಬೇಗಡೆಯಲ್ಲಿ ಮಾಡಿದ ಪದಕ. ಮೂರ್ತಿಗಳು ಹೋಲ್ಡಾಲ್ ಕೆಳಗಿಟ್ಟು, ಎದೆ ಸೆಟೆಸಿ, ಸೆಲ್ಯೂಟ್ ಹೊಡೆದರು. "ಸಿಪಾಯಿ ಕೇಶವಮೂರ್ತಿ, ಹಾಜರ್! ಸುಬೇದಾರ್ ಸಾಹೇಬರು ಎಲ್ಲಿ?"

ಗಿಡ್ಡ ಕೂದಲಿನ, ನಲವತ್ತರ ಒಬ್ಬ ಹೆಂಗಸು ಎದ್ದು ನಿಂತಳು. "ನಾನೇ! ನೀವಾ ಕೇಶವಮೂರ್ತಿ? ಅಯ್ಯೋ ದೇವರೇ, ಹೋಲ್ಡಾಲ್ ಕೂಡ ತಂದಿದ್ದಾರೆ! ನಾನು ವಾರಿಜಾ. ಇಲ್ಲೇ ನನ್ನ ಡೆಂಟಲ್ ಕ್ಲಿನಿಕ್ ಉಂಟು. ಪೇಶೆಂಟ್ಸ್ ಇಲ್ಲದಾಗ ಟೈಮ್ ಹೋಗ್ಲಿಕ್ಕೆ ಈ ಬೋರ್ಡ್ ನಡೆಸುವುದು."

ಮೂರ್ತಿಗಳು ಆಕೆಯ ಬೆನ್ನ ಹಿಂದೆ ಇಣುಕಿ ನೋಡಿದರು. ಅಲ್ಲಿ ಬೇರೆ ಸುಬೇದಾರ್ ಇರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಟ್ಟೆಯವರು ಬಂದು ಕೈ ಕುಲುಕಿದರು.

"ನಿಮ್ಮ ಹದಿನಾಲ್ಕನೆಯ ಬಸ್ಕಿ! ನಮ್ಮ ಬ್ಯಾಂಕಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಎಷ್ಟು ಚೆನ್ನಾಗಿ ಕಲ್ಪನೆ ಮಾಡ್ತೀರಿ ಸಾರ್!"

"ಕಲ್ಪನೆ?" ಎಂದರು ಮೂರ್ತಿಗಳು. "ಅದು ಸ್ವಲ್ಪ ಕಡಿಮೆ ಬಗ್ಗಿತ್ತು, ನಿಜ. ಆಮೇಲೆ ಹತ್ತು ಹೊಡೆದೆನಲ್ಲ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಗದೇ ಇದ್ದವರು ಗದಿಗೆಪ್ಪ ಒಬ್ಬರೇ.

"ಯಾಕ ನಗ್ತೀರಿ? ಕಲ್ಪನಾ ಅಲ್ರೀ. ನಾ ನಿಂತು ಎಣಿಸೀನಿ. ಹನ್ನೆರಡು ದಿವಸ, ಒಂದೂ ಬಿಡದಂಗ. ನಮ್ಮ ಮನಿ ಛತ್ತು ಉದುರೇತಿ, ಬೇಕಾರ ಬಂದು ನೋಡ್ರಿ!"

ನಗು ಒಂದೊಂದೇ ಬಾಯಲ್ಲಿ ಆರಿತು. ಯಾರದೋ ಚಮಚ ಕೆಳಗೆ ಬಿತ್ತು. "ನೀವು... ನಿಜವಾಗಿ... ಹೊಡೆದ್ರಾ?" ಎಂದಳು ವಾರಿಜಾ.

"ನೀವೆಲ್ಲ?" ಎಂದರು ಮೂರ್ತಿಗಳು.

ಪಲ್ಟಣ ಪೂರ್ತಿ ತಲೆತಗ್ಗಿಸಿ ದೋಸೆಯನ್ನು ನೋಡಿತು. ಕೊನೆಗೆ ಊರುಗೋಲಿನವರು ಪಿಸುಗುಟ್ಟಿದರು: "ನಾವು ಹೊಡೆದೆವು ಅಂತ ಬರೀತಿದ್ವಿ. ಇದೊಂದು ಆಟ ಸಾರ್. ವೇಷ ಹಾಕಿದ ಹಾಗೆ. ನಾನು ಸುಂದರಾಂಗ ಕ್ಯಾಪ್ಟನ್."

ಮೂರ್ತಿಗಳು ಮೆಲ್ಲಗೆ ಕುರ್ಚಿಯೊಂದರಲ್ಲಿ ಕೂತರು. ಮಾಡದೆಯೇ ಮಾಡಿದೆ ಎಂದು ಬರೆಯುವವರನ್ನು ಅವರು ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಕಂಡಿದ್ದರು. ಮಿಲಿಟರಿಯಲ್ಲೂ ಅದೇ ಇರಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಮಿಲಿಟರಿಯೇ ಇಲ್ಲ ಎಂಬುದು ತಲೆಗೆ ಹೋಗಲು ಇನ್ನೂ ಐದು ನಿಮಿಷ ಬೇಕಾಯಿತು. ಹೋದ ಮೇಲೆ ಅವರ ಮುಖ ಸಣ್ಣದಾಯಿತು.

ಅದನ್ನು ಕಂಡದ್ದೇ ಪುಟ್ಟಲಕ್ಷ್ಮಿ ಚಪಾತಿಯ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಏನಮ್ಮಾ, ಕೂರಿಸಿ ಏಳಿಸೋಕೆ ನಿಮ್ಮನೇಲಿ ಯಾರೂ ಇರ್ಲಿಲ್ವಾ? ನಮ್ಮನೆಯವರೇ ಬೇಕಿತ್ತಾ? ರಾತ್ರಿಯೆಲ್ಲ ಮಂಡಿಗೆ ಎಣ್ಣೆ ತಿಕ್ಕಿ ತಿಕ್ಕಿ ನನ್ನ ಕೈಯೂ ಊದಿದೆ. ಬರೆದಿದ್ದನ್ನ ನಂಬೋರು ಪ್ರಪಂಚದಲ್ಲಿ ಒಬ್ಬರಾದ್ರೂ ಇರ್ತಾರೆ ಅಂತ ನಿಮಗೆ ಹೊಳೀಲಿಲ್ವಾ?"

ವಾರಿಜಾಳ ಕಣ್ಣು ತುಂಬಿತು. "ತಪ್ಪಾಯ್ತು ಅಮ್ಮಾ. ನಾನೇ ಹೊಡೀತೇನೆ," ಎಂದವಳೇ ಕಿವಿ ಹಿಡಿದು ಬಸ್ಕಿಗೆ ಇಳಿದಳು. ಗದಿಗೆಪ್ಪ ಅಭ್ಯಾಸಬಲದಿಂದ "ಒಂದು!" ಎಂದರು. ಏಳನೆಯದಕ್ಕೆ ಆಕೆ ಹೋಗಿ ನೆಲದ ಮೇಲೆ ಕೂತಳು. ಕೈಹಿಡಿದು ಎಬ್ಬಿಸಿದವರು ಮೂರ್ತಿಗಳು. "ಕೆಳಗೆ ಹೋಗುವಾಗ ಉಸಿರು ಬಿಡಬೇಕು ಮೇಡಂ," ಎಂದರು.

ಆಗ ಎದ್ದಿತು ನಿಜವಾದ ಸಮಸ್ಯೆ.

"ಈಗ ಮನೆಗೆ ಹೋಗೋದು ಹೇಗೆ?" ಎಂದಳು ಪುಟ್ಟಲಕ್ಷ್ಮಿ. "ಆರತಿ ಎತ್ತಿ ಗಡಿಗೆ ಕಳಿಸಿದ್ದಾರೆ. ಮಧ್ಯಾಹ್ನದ ಊಟಕ್ಕೆ ವಾಪಸ್ ಹೋದ್ರೆ ಜನ ಏನಂತಾರೆ?"

ಪಲ್ಟಣ ದೋಸೆ ಬಿಟ್ಟು ಯೋಚಿಸಿತು. ಯುದ್ಧ ನಿಂತುಹೋಯಿತು ಎನ್ನಿ ಎಂದರು ಹೊಟ್ಟೆಯವರು. ಯಾವ ಯುದ್ಧ ಎಂದು ಕೇಳಿದರೆ, ಎಂದರು ಗದಿಗೆಪ್ಪ. ಗುಪ್ತ ಕಾರ್ಯಾಚರಣೆ ಎನ್ನಿ ಎಂದರು ಸುಂದರಾಂಗ ಕ್ಯಾಪ್ಟನ್. ಸೇವಂತಿಗೆ ಗುಪ್ತ ಎಂದು ಹೇಳಿದರೆ ಸಂಜೆಯೊಳಗೆ ಠಾಣಾದವರೆಗೂ ಹೋಗುತ್ತದೆ ಎಂದಳು ಪುಟ್ಟಲಕ್ಷ್ಮಿ. ಮೂರ್ತಿಗಳು ತಲೆಯಾಡಿಸುತ್ತಲೇ ಇದ್ದರು. "ಸುಳ್ಳು ಹೇಳೋಕೆ ನನ್ನಿಂದ ಆಗಲ್ಲ. ಒಂದು ಹೇಳಿದ್ದಕ್ಕೇ ಹೀಗಾಗಿದೆ."

ಯಾರೋ ಅವರ ಮುಂದೆ ಒಂದು ದೋಸೆ ಇಟ್ಟಿದ್ದರು. ಹಸಿವಿಗೆ ಅದನ್ನು ಮುರಿದು ಬಾಯಿಗೆ ಹಾಕಿಕೊಂಡರು. ವಾರಿಜಾ ಮೂರ್ತಿಗಳನ್ನೇ ಕಣ್ಣು ಕಿರಿದು ಮಾಡಿ ನೋಡಿದಳು.

"ನೀವು ಬಲಗಡೆ ಅಗಿಯುವುದೇ ಇಲ್ಲ. ಬಾಯಿ ತೆಗೀರಿ."

ಆರ್ಡರ್ ಬಂದದ್ದೇ ಮೂರ್ತಿಗಳ ಬಾಯಿ ತಾನಾಗಿ ತೆರೆಯಿತು. ಹೋಟೆಲಿನ ಟ್ಯೂಬ್‌ಲೈಟಿನ ಕೆಳಗೆ, ಚಮಚದ ಹಿಡಿಯಿಂದ ನಾಲಿಗೆ ಒತ್ತಿ ಹಿಡಿದು ವಾರಿಜಾ ಒಳಗೆ ನೋಡಿದಳು. ಆಕೆಯ ಮುಖ ಅರಳಿತು. ಸ್ವಂತ ಕ್ಲಿನಿಕ್ಕಿನ ಹೆಸರು ಅಚ್ಚಾಗಿದ್ದ ಹಾಳೆ ಪರ್ಸಿನಿಂದ ತೆಗೆದು ಬರೆದು, ಸಹಿ ಹಾಕಿ ಗದಿಗೆಪ್ಪನವರ ಕೈಗೆ ಕೊಟ್ಟಳು.

ಸಂಜೆ ಗಜಾನನ ಸೊಸೈಟಿಯ ಕಾಂಪೌಂಡಿನಲ್ಲಿ ಗದಿಗೆಪ್ಪ ಅದನ್ನು ಗಟ್ಟಿಯಾಗಿ ಓದಿದರು. "ಶ್ರೀ ಕೇಶವಮೂರ್ತಿಯವರನ್ನು ನಾನು ಖುದ್ದಾಗಿ ಪರೀಕ್ಷಿಸಿದ್ದೇನೆ. ಬಲದವಡೆಯ ಎರಡು ಹಲ್ಲುಗಳು ಹುಳುಕಾಗಿವೆ. ಚಿಕಿತ್ಸೆ ಮುಗಿಯುವವರೆಗೆ ಇವರು ಪಲ್ಟಣದ ಯಾವುದೇ ಸೇವೆಗೆ, ಶಿಕ್ಷೆಗೆ ಅರ್ಹರಲ್ಲ." ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮೂರ್ತಿಗಳು ಕಾಗದದ ಒಂದೊಂದು ಸಾಲಿಗೂ ತಲೆ ಆಡಿಸಿದರು. ಗದಿಗೆಪ್ಪನವರೂ ಅದರಾಚೆ ಒಂದು ಮಾತು ಸೇರಿಸಲಿಲ್ಲ. ಹನ್ನೆರಡು ದಿನ ನಿಂತು ಎಣಿಸಿದವರು ಅವರೇ ತಾನೆ.

"ಅಯ್ಯೋ ಪಾಪ," ಎಂದಳು ಸೇವಂತಿ. "ಎರಡು ಹಲ್ಲಿಗಾಗಿ ದೇಶ ಕಾಯ್ಲಿಕ್ಕೆ ಬಿಡ್ಲಿಲ್ವಾ? ಮಿಲಿಟ್ರಿಯಲ್ಲಿ ಎಂತ ಸ್ಟ್ರಿಕ್ಟ್ ಮಾರಾಯ್ರೆ!" ವಾಚ್‌ಮನ್ ಇನ್ನೂ ಜೋರಾಗಿ ಸೆಲ್ಯೂಟ್ ಹೊಡೆದ.

ಮರು ಶನಿವಾರ ಮೂರ್ತಿಗಳು ಹೆಂಡತಿಯೊಡನೆ ಮಾಟುಂಗದ ಕ್ಲಿನಿಕ್ಕಿಗೆ ಹೋದರು. ವಾರಿಜಾ ಮೂರ್ತಿಗಳನ್ನು ಕುರ್ಚಿಯಲ್ಲಿ ಮಲಗಿಸಿ, ದೀಪ ಹಚ್ಚಿ, ಸೂಜಿ ಚುಚ್ಚಿ, ಕೊರೆಯುವ ಯಂತ್ರ ಶುರುಮಾಡಿದಳು. ಅದರ ಸದ್ದಿಗೆ ಹೊರಗಿನ ಬೆಂಚಿನಲ್ಲಿದ್ದ ಇಬ್ಬರು ಎದ್ದು ಹೋದರು. ಮೂರ್ತಿಗಳು ಅಲುಗಲಿಲ್ಲ. ಅವರ ಎರಡೂ ಕಾಲು ನೀಟಾಗಿ ಕೂಡಿಕೊಂಡಿದ್ದವು, ಕೈಗಳು ಪಕ್ಕೆಗೆ ಅಂಟಿಕೊಂಡಿದ್ದವು, ಕಣ್ಣಿನಿಂದ ಮಾತ್ರ ನೀರು ಧಾರಾಕಾರ ಇಳಿಯುತ್ತಿತ್ತು. ವಾರಿಜಾ ಗಾಬರಿಯಾಗಿ ಯಂತ್ರ ನಿಲ್ಲಿಸಿದಳು.

"ನೋಯ್ತಾ ಉಂಟಾ ಸಾರ್?"

ಮೂರ್ತಿಗಳು ಬಾಯೊಳಗಿನ ಹತ್ತಿಯನ್ನು ಒಂದು ಕಡೆಗೆ ಸರಿಸಿಕೊಂಡು ಬಹಳ ವಿನಯದಿಂದ ಅಪ್ಪಣೆ ಕೇಳಿದರು:

"ನೋಯಬಹುದೇ, ಮೇಡಂ?"